ಬಹುಮಾನವೋ, ಬಡ್ಡಿಯೋ?

ಕೇಣಿಚಿರದ ಕೃಷಿಕನಿಗೆ ಕಾಫಿ, ಕಾಳುಮೆಣಸಿನ ಹಣ ವರ್ಷಕ್ಕೊಮ್ಮೆ ಕೈಸೇರುತ್ತದೆ. ಕ್ರೆಡಿಟ್ ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಕೊಯ್ಲಿನ ಹಣ ಕರಗಿರುತ್ತದೆ. ರಿವಾರ್ಡ್ ಅಂಕಗಳ ಆಮಿಷ ಫಲಿಸುವುದು ಆಗಲೇ.

ಲೆಕ್ಕ ಸರಳವಾದುದು. 10,000 ರೂಪಾಯಿಯ ಖರೀದಿಗೆ ಶೇ. 1ರಂತೆ ದೊರೆಯುವ ಲಾಭ 100 ರೂಪಾಯಿ. ಅದೇ ಮೊತ್ತ ಬಾಕಿಯುಳಿದರೆ, ಮಾಸಿಕ ಶೇ. 3.5ರಂತೆ ತೆರಬೇಕಾದ ಬಡ್ಡಿ 350 ರೂಪಾಯಿ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ವಿಳಂಬಶುಲ್ಕ ತಪ್ಪೀತು, ಬಡ್ಡಿ ತಪ್ಪದು. ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇಲ್ಲವಾಗುತ್ತದೆ. ಈ ಬಡ್ಡಿಗೆ ವಾರ್ಷಿಕ ಶೇ. 30ರ ಮಿತಿ ವಿಧಿಸಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ರದ್ದುಗೊಳಿಸಿತು. ಆದುದರಿಂದ ಎಚ್ಚರವೇ ಗ್ರಾಹಕನ ಮೊದಲ ರಕ್ಷಣೆ.

ಕಾರ್ಡು ಅನಿವಾರ್ಯವಾದರೆ ವಾರ್ಷಿಕ ಶುಲ್ಕವಿಲ್ಲದ, ಠೇವಣಿಯ ಆಧಾರದ, ಸಣ್ಣ ಮಿತಿಯ ಕಾರ್ಡು ಲೇಸು. ಪೂರ್ಣ ಬಿಲ್ಲು ಖಾತೆಯಿಂದ ತಾನಾಗಿ ಸಂದಾಯವಾಗುವ ವ್ಯವಸ್ಥೆಯೂ ಇರಲಿ. ಬೇಡವಾದಾಗ ಬಾಕಿ ತೀರಿಸಿ ಕೋರಿದರೆ, ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಏಳು ಕೆಲಸದ ದಿನಗಳೊಳಗೆ ಅದನ್ನು ಮುಚ್ಚಬೇಕು. ತಪ್ಪಿದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ದಂಡ ತೆರಬೇಕು.

ಬೆಳೆಯ ಖರ್ಚಿಗಂತೂ ಕಿಸಾನ್ ಕ್ರೆಡಿಟ್ ಕಾರ್ಡಿದೆ. ಅದರಲ್ಲಿ 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ. 7; ಸಕಾಲದಲ್ಲಿ ತೀರಿಸಿದವನಿಗೆ ಶೇ. 4. ಖರ್ಚಿಗಲ್ಲ, ಮರುಪಾವತಿಗೆ ಸಲ್ಲುವ ಬಹುಮಾನವದು.