ಮುಂಗಾಜಿನ ಎರಡು ಸಾಲು



ಹೋದ ತಿಂಗಳ ಓಲೆಯಲ್ಲಿ ಅರಿಸಿನದ ಧಾರಣೆಯ ಗೋಳನ್ನು ಬರೆದು ತಮ್ಮನ್ನು ಸಾಕಷ್ಟು ಬೇಸರಪಡಿಸಿದ್ದೇನೆ. ಆದುದರಿಂದ ಈ ತಿಂಗಳು ತುಸು ಗಾಳಿ ತಿನ್ನಲು ಹೊರಟಿದ್ದೇನೆ, ಅದೂ ಕಾರಿನಲ್ಲಿ. ಕಾರು ಎಂದೊಡನೆ ಶ್ರೀಮಂತರ ಮಾತೆಂದು ಪುಟ ತಿರುವಬೇಡಿ. ನಮ್ಮ ಜೀರಹಳ್ಳಿಯ ಕಾರುಗಳನ್ನು ನೋಡಿದವರಾರೂ ಅವುಗಳ ಒಡೆಯರನ್ನು ಶ್ರೀಮಂತರೆಂದು ತಪ್ಪು ತಿಳಿಯಲಾರರು.

ಭಾನುವಾರ ಬೆಳಗ್ಗೆ ಬಿಸಿಲು ಏರುವ ಮುನ್ನ ನಮ್ಮ ಮನೆಯ ಮುಂದಿನ ಬಯಲಿನಲ್ಲಿ ನಾಲ್ಕೈದು ಗಾಡಿಗಳು ಸೇರುತ್ತವೆ. ಕೋಸು, ಟೊಮೇಟೊ ಹೊತ್ತು ಮೈ ಸವೆಸಿದ ಜೀಪೊಂದು. ಮದುವೆಯ ದಿಬ್ಬಣಗಳಿಗೆಂದೇ ಉಳಿದಿರುವ ಬಿಳಿಯ ಅಂಬಾಸಿಡರೊಂದು. ಹೊಸದಾಗಿ ಕೈಗೆ ಬಂದ, ಆದರೆ ಹುಟ್ಟಿನಲ್ಲಿ ಹಳೆಯದಾದ ಮಾರುತಿ ೮೦೦ ಒಂದು. ಜೊತೆಗೆ ನನ್ನ ಪ್ರೀಮಿಯರ್ ಪದ್ಮಿನಿ. ಕೊಳವೆಬಾವಿಯ ನೀರು, ಹಳೆಯ ಪಂಚೆಯ ತುಂಡು, ಬಾನೆಟ್ಟಿನ ಮೇಲೆ ಕಾಫಿಯ ಲೋಟ. ಒಬ್ಬರು ಕಾರ್ಬೊರೇಟರಿನ ವಿಷಯ ಎತ್ತಿದರೆ ಮತ್ತೊಬ್ಬರು ಅದನ್ನು ಅಳಿಯನ ವಿಷಯಕ್ಕೆ ತಂದು ನಿಲ್ಲಿಸುತ್ತಾರೆ. ಈ ಸಭೆಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಅದರಿಂದಲೇ ಇಷ್ಟು ವರ್ಷ ನಡೆದುಕೊಂಡು ಬಂದಿದೆ ಎಂದು ನನ್ನ ಎಣಿಕೆ.

ಪದ್ಮಿನಿಯನ್ನು ನನ್ನ ತೀರ್ಥರೂಪರು ೧೯೮೬ರಲ್ಲಿ ಮೈಸೂರಿನಲ್ಲಿ ಎರಡನೆಯ ಕೈಯಿಂದ ಕೊಂಡರು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಗಾಡಿ ಮೊದಲು ಫಿಯೆಟ್ ಎಂದೇ ಪ್ರಸಿದ್ಧವಾಗಿತ್ತು. ಪದ್ಮಿನಿ ಎಂಬ ಹೆಸರು ಬಂದುದು ೧೯೭೪ರಲ್ಲಿ. ೧೦೮೯ ಸಿ.ಸಿ. ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲಿಯೇ ನಾಲ್ಕು ಗೇರುಗಳ ಹಿಡಿ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ೨೦೨೩ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಿ ಹೊಂದಿತೆಂಬ ಸುದ್ದಿ ಓದಿದ ದಿನ ನಮ್ಮ ಬಯಲಿನ ಸಭೆ ಎರಡು ನಿಮಿಷ ಮೌನವಾಗಿತ್ತು. ನಗಬೇಡಿ, ನಿಜವಾಗಿಯೂ ಮೌನವಾಗಿತ್ತು.

ಕಾರು ನಡೆಸುವ ಸುಖವೇನೆಂದು ಕೇಳಿದರೆ ನಮ್ಮ ಸೀಮೆಯವರು ದಿಂಬಂ ಘಟ್ಟವನ್ನು ತೋರಿಸುತ್ತಾರೆ. ಕೆಳಗೆ ಬಣ್ಣಾರಿ ಅಮ್ಮನ ಗುಡಿ; ಮೇಲೆ ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ ದಿಂಬಂ; ನಡುವೆ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳು. ತೀರ್ಥರೂಪರು ನನಗೆ ಕಾರು ಕಲಿಸಿದ್ದು ಈ ಇಪ್ಪತ್ತೇಳರಲ್ಲಿಯೇ. ‘ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಬ್ರೇಕಿನ ಮೇಲೆ ಕಾಲಿಟ್ಟು ಇಳಿಯುವವನು ಅರ್ಧ ಘಟ್ಟಕ್ಕೆ ಬ್ರೇಕು ಕಳೆದುಕೊಳ್ಳುತ್ತಾನೆ’ ಎನ್ನುತ್ತಿದ್ದರು. ಡ್ರಮ್ಮು ಕಾಯ್ದರೆ ಬ್ರೇಕಿನ ಹಿಡಿತ ಸಡಿಲುವುದೆಂಬ ಶಾಸ್ತ್ರವನ್ನು ನಾನು ಆಮೇಲೆ ಓದಿದೆ. ಸುಟ್ಟ ವಾಸನೆಯನ್ನು ಮೊದಲೇ ಮೂಸಿದ್ದೆ. ಕಿರಿದಾದ ಘಟ್ಟದಲ್ಲಿ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕೆಂಬುದು ಕಾನೂನೂ ಹೌದು, ಮರ್ಯಾದೆಯೂ ಹೌದು. ಬೇಸಗೆಯ ಮಧ್ಯಾಹ್ನ ಪದ್ಮಿನಿಯ ಪೆಟ್ರೋಲ್ ಪಂಪು ಕಾಯ್ದು, ಒಳಗಿನ ಪೆಟ್ರೋಲು ಆವಿಯಾಗಿ, ಗಾಡಿ ಹಟ ಹಿಡಿದ ಮಗುವಿನಂತೆ ನಿಂತುಬಿಡುತ್ತದೆ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ತಡೆಗೋಡೆಯ ಮೇಲೆ ಕುಳಿತು, ಕೆಳಗೆ ಹರಡಿದ ಸತ್ಯಮಂಗಲದ ಬಯಲನ್ನು ನೋಡುತ್ತಾ ಕಾಯಬೇಕು. ಈಗಿನ ಗಾಡಿಗಳು ನಿಲ್ಲುವುದಿಲ್ಲ. ಆದುದರಿಂದ ಅವುಗಳನ್ನು ನಡೆಸುವವರು ಆ ಬಯಲನ್ನು ನೋಡಿಯೂ ಇಲ್ಲ.

ಗಡಿಯೊಳಗಿನ ವಾಚಕರಿಗಾಗಿ ಒಂದು ಮಾತು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಬೆಟ್ಟಸೀಮೆ ಮದರಾಸಿನಲ್ಲಿಯೇ ಉಳಿಯಿತು. ಚಾಮರಾಜನಗರ ನಮಗೆ ಕೂಗಳತೆಯ ಊರು. ಜಿಲ್ಲಾ ಕೇಂದ್ರವಾದ ಈರೋಡು ನೂರು ಕಿಲೋಮೀಟರಿಗೂ ಆಚೆ, ಘಟ್ಟದ ಕೆಳಗೆ. ನಂಟಸ್ತಿಕೆ ಒಂದು ಕಡೆ, ಕಾಗದಪತ್ರ ಇನ್ನೊಂದು ಕಡೆ. ನಮ್ಮ ಕಾರುಗಳೂ ಹಾಗೆಯೇ. ಸೀಟಿನ ಹೊದಿಕೆ ಮೈಸೂರಿನದು, ಬಿಡಿಭಾಗ ಕೊಯಮತ್ತೂರಿನದು.

ಕೊಯಮತ್ತೂರು ಎಂದಾಗ ಸುಮ್ಮನೆ ಮುಂದೆ ಹೋಗಲಾರೆ. ೧೯೨೦ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದೇ ಒಂದು ಬಸ್ಸು ಓಡಿಸಿ ಆರಂಭಿಸಿದ ಜಿ. ಡಿ. ನಾಯ್ಡು ಅವರ ಊರದು, ಎಸ್. ಕರಿವರ್ಧನ್ ಅವರು ಪಂದ್ಯದ ಕಾರುಗಳನ್ನು ತಮ್ಮ ಕೈಯಾರೆ ರೂಪಿಸಿದ ಊರು. ೨೦೦೫ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಅವರ ಊರು. ಅಲ್ಲಿಯ ಜೀಡೀ ಕಾರು ಸಂಗ್ರಹಾಲಯಕ್ಕೆ ನಮ್ಮ ಭಾನುವಾರದ ಸಭೆಯವರೆಲ್ಲ ಒಮ್ಮೆ ಹೋಗಿದ್ದೆವು. ಜೀಪಿನ ಒಡೆಯರು ಹಳೆಯ ವಿಲಾಯತಿ ಗಾಡಿಯೊಂದರ ಮುಂದೆ ನಿಂತು, ‘ಇದು ನಮ್ಮ ಘಟ್ಟ ಹತ್ತೀತೇ?’ ಎಂದು ಕಾವಲುಗಾರನನ್ನು ಕೇಳಿದರು. ಆತ ಪಾಪ, ‘ಮುಟ್ಟಬೇಡಿ ಅಯ್ಯಾ’ ಎಂದಷ್ಟೇ ಹೇಳಿದ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿಯೂ ಹಳೆಯ ಕಾರುಗಳಿವೆ. ಕನ್ನಡದಲ್ಲಿ ಫಲಕ ಓದುತ್ತಾ ನೋಡುವ ಸುಖ ಬೇರೆ.

ಇನ್ನು ಅಲಂಕಾರದ ವಿಷಯ. ನಮ್ಮ ಕಾಲದಲ್ಲಿ ಕಾರಿನ ಅಲಂಕಾರವೆಂದರೆ ಹಿಂದಿನ ಗಾಜಿಗೆ ಜಾಲರಿ ಪರದೆ, ಸ್ಟಿಯರಿಂಗಿಗೆ ಮನೆಯಾಕೆ ಹೆಣೆದ ಉಣ್ಣೆಯ ಕವಚ, ಡ್ಯಾಶ್‌ಬೋರ್ಡಿನ ಮೇಲೆ ಹುಲಿಯೇರಿದ ಮಾದಪ್ಪ, ಬಂಪರಿಗೆ ನಿಂಬೆಹಣ್ಣು-ಮೆಣಸಿನಕಾಯಿ. ಅಂಬಾಸಿಡರಿನವರು ಡಾ. ರಾಜಕುಮಾರರ ಚಿತ್ರವನ್ನೂ ಇಟ್ಟಿದ್ದಾರೆ. ಅವರು ನಮ್ಮ ಈ ತಾಳವಾಡಿ ಸೀಮೆಯ ಗಾಜನೂರಿನವರೆಂಬ ಹೆಮ್ಮೆ. ೨೦೦೦ದ ಜುಲೈನಲ್ಲಿ ಆ ಗಾಜನೂರಿನ ತೋಟದ ಮನೆಯಿಂದಲೇ ವೀರಪ್ಪನ್ ಅವರನ್ನು ಕರೆದೊಯ್ದ ಮೇಲೆ ತನಿಖೆಯ ಠಾಣೆಗಳಲ್ಲಿ ಡಿಕ್ಕಿ ತೆರೆದು ತೋರಿಸಿ ತೋರಿಸಿ ಆ ಅಂಬಾಸಿಡರಿನ ಡಿಕ್ಕಿಯ ಬೀಗವೇ ಸವೆದುಹೋಯಿತೆಂದು ಅವರು ಈಗಲೂ ಹೇಳುತ್ತಾರೆ.

ಹುಡುಗರ ಅಲಂಕಾರ ಬೇರೆ. ಮುಂದೆ ಕಬ್ಬಿಣದ ದೊಡ್ಡ ಕಟಾಂಜನ, ಕಣ್ಣು ಕುಕ್ಕುವ ನಾಲ್ಕು ದೀಪ, ಕಪ್ಪು ಗಾಜು. ಮಾರುತಿಯ ಹುಡುಗನಿಗೆ ನಾನು ಕುಳ್ಳಿರಿಸಿ ಹೇಳಿದೆ. ಕಿಟಕಿಗೆ ಕಪ್ಪು ಹಾಳೆ ಅಂಟಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ೨೦೧೨ರಲ್ಲಿಯೇ ಹೇಳಿದೆ. ಕಟಾಂಜನ ಕೂಡದೆಂದು ಕೇಂದ್ರ ಸರ್ಕಾರ ೨೦೧೭ರಲ್ಲಿ ತಿಳಿಸಿದೆ. ತಯಾರಕರು ಕೊಟ್ಟ ಮೂಲರೂಪವನ್ನೇ ಮಾರ್ಪಡಿಸುವುದು ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿಗೆ ವಿರುದ್ಧವೆಂದು ೨೦೧೯ರಲ್ಲಿ ಮತ್ತೊಮ್ಮೆ ತೀರ್ಪಾಗಿದೆ. ಕಟಾಂಜನ ಏಕೆ ಕೂಡದು? ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕಾದ ಮುಂಭಾಗ ನುಂಗದೆ, ಪೆಟ್ಟು ನೇರವಾಗಿ ಒಳಗಿರುವವರಿಗೆ ಬರುತ್ತದೆ. ಗಾಳಿಚೀಲವೂ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳದಿರಬಹುದು. ಹೊರಗೆ ದಾರಿಯಲ್ಲಿ ನಡೆಯುವವನ ಗತಿಯಂತೂ ಹೇಳಬೇಕಾದುದೇ ಇಲ್ಲ. ಹುಡುಗ ಎಲ್ಲವನ್ನೂ ವಿನಯದಿಂದ ಕೇಳಿ ಏನನ್ನೂ ತೆಗೆಯಲಿಲ್ಲ. ತೆಗೆಸಿದ್ದು ಆನೆ. ಒಂದು ಸಂಜೆ ಕಾಡಿನ ದಾರಿಯಲ್ಲಿ ಕಬ್ಬಿನ ಲಾರಿಗೆಂದು ಕಾದು ನಿಂತಿದ್ದ ಒಂಟಿ ಸಲಗದ ಕಣ್ಣಿಗೆ ನಾಲ್ಕು ದೀಪಗಳೂ ಒಟ್ಟಿಗೆ ಬಿದ್ದುವು. ಅದು ಕಿವಿಯರಳಿಸಿ ಬಂದಾಗ ಹುಡುಗ ಅರ್ಧ ಫರ್ಲಾಂಗು ಹಿಮ್ಮುಖವಾಗಿಯೇ ಓಡಿಸಿದನಂತೆ. ಮರುದಿನ ದೀಪಗಳು ಅವರ ದನದ ಕೊಟ್ಟಿಗೆ ಸೇರಿದುವು. ೨೦೧೩ರಿಂದ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ. ೨೦೨೨ರ ಫೆಬ್ರವರಿಯಿಂದ ಉಚ್ಚ ನ್ಯಾಯಾಲಯದ ಆದೇಶದಂತೆ ಘಟ್ಟದ ರಾತ್ರಿ ಸಂಚಾರಕ್ಕೂ ಕಡಿವಾಣ ಬಿತ್ತು. ಆ ಕಡಿವಾಣದ ವಿರುದ್ಧ ನಮ್ಮ ಜನ ಪ್ರತಿಭಟಿಸಿದ್ದರು, ನಾನೂ ನಿಂತಿದ್ದೆ. ಆದರೆ ಆನೆಗೂ ಒಂದು ಪಕ್ಷವಿದೆಯೆಂಬುದನ್ನು ಈ ಹುಡುಗನ ದೀಪಗಳು ನನಗೆ ಒಪ್ಪಿಸಿದುವು.

ನಾನು ಹೇಳಹೊರಟಿದ್ದು ಇದಲ್ಲ. ಈ ತಿಂಗಳ ಆರಂಭದಲ್ಲಿ ಘಟ್ಟದ ಹತ್ತೊಂಬತ್ತನೆಯ ತಿರುವಿನಲ್ಲಿ ಮುಂದಿನ ಲಾರಿಯ ಚಕ್ರದಿಂದ ಕಲ್ಲೊಂದು ಸಿಡಿದು ಪದ್ಮಿನಿಯ ಮುಂಗಾಜು ಬಿರಿಯಿತು. ಗಾಜು ಹೋದುದಕ್ಕೆ ವ್ಯಥೆಯಿಲ್ಲ. ಹುಡುಕಿದರೆ ಸಿಕ್ಕುತ್ತದೆ, ಸಿಕ್ಕಿತು. ಅದರ ಮೇಲಂಚಿನಲ್ಲಿ ಬರೆದಿದ್ದ ಎರಡು ಸಾಲುಗಳೂ ಹೋದುವು.

ಮೊದಲನೆಯ ಸಾಲು ಕನ್ನಡದಲ್ಲಿ, ‘ಶ್ರೀ ಮಲೆ ಮಹದೇಶ್ವರ ಪ್ರಸನ್ನ’. ಕಾರು ಕೊಂಡ ವರ್ಷವೇ ಬರೆಸಿದ್ದು. ಎರಡನೆಯ ಸಾಲು ತಮಿಳು ಲಿಪಿಯಲ್ಲಿ, ‘ಬಣ್ಣಾರಿ ಅಮ್ಮನ್ ತುಣೈ’. ಅದು ೧೯೯೨ರ ಸಂಕ್ರಾಂತಿಯ ಹೊತ್ತಿಗೆ ಸೇರಿದ್ದು. ಏಕೆ ಸೇರಿತೆಂಬುದನ್ನು ನನ್ನ ಸೋದರಳಿಯನಿಗೂ ಈವರೆಗೆ ಹೇಳಿರಲಿಲ್ಲ.

೧೯೯೧ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾಗಿ ಬೆಂಗಳೂರು-ಮೈಸೂರು ಸೀಮೆಗಳಲ್ಲಿ ಗಲಭೆಯೆದ್ದಿತು. ತೀರ್ಥರೂಪರೂ ನಾನೂ ನಂಟರ ಮನೆಯ ಕಾರ್ಯ ಮುಗಿಸಿ ಮರಳುತ್ತಿದ್ದೆವು. ಗಡಿಗೆ ಇನ್ನೂ ಹತ್ತು ಮೈಲಿ ಇರುವಾಗ ಒಂದು ಊರಿನ ಬಳಿ ಹುಡುಗರ ಗುಂಪು ದಾರಿಗೆ ಕಲ್ಲು ಅಡ್ಡವಿಟ್ಟಿತ್ತು. ನಮ್ಮ ನಂಬರು ತಮಿಳುನಾಡಿನದು. ದೊಣ್ಣೆ ಹಿಡಿದವನೊಬ್ಬ ಹತ್ತಿರ ಬಂದು ಮುಂಗಾಜು ಓದಿದ. ‘ನಮ್ಮೋರು ಕಣ್ರೋ, ಬುಡಿ’ ಎಂದ. ಕಲ್ಲು ಸರಿದುವು. ನಮ್ಮ ಹಿಂದೆಯೇ ಸತ್ಯಮಂಗಲದ ಕಡೆಯ ಒಂದು ಲಾರಿ ನಿಂತಿತ್ತು. ಅದರ ಗಾಜಿನ ಮೇಲೂ ದೇವರ ಹೆಸರೇ ಇತ್ತು, ಆದರೆ ತಮಿಳಿನಲ್ಲಿ. ನಾವು ನೂರು ಗಜ ದಾಟಿರಲಿಲ್ಲ, ಗಾಜು ಒಡೆದ ಸದ್ದು ಕೇಳಿತು.

ತೀರ್ಥರೂಪರು ಕಾರು ನಿಲ್ಲಿಸಿದರು. ‘ಬೇಡ ಅಪ್ಪಾಜಿ, ಹೋಗೋಣ’ ಎಂದೆ. ಆಗ ನನಗೆ ಇಪ್ಪತ್ತಾರು ವರ್ಷ. ಹಾಗೆಂದವನು ನಾನೇ ಎಂದು ಇಲ್ಲಿ ಬರೆಯಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅವರು ಮಾತನಾಡದೆ ಇಳಿದು ಹಿಂದಕ್ಕೆ ನಡೆದರು. ಏನು ಹೇಳಿದರೋ ತಿಳಿಯದು. ಹಣೆಯಲ್ಲಿ ನೆತ್ತರು ಸುರಿಯುತ್ತಿದ್ದ ಚಾಲಕನನ್ನು ಕೈಹಿಡಿದು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಆತ ಎರಡು ರಾತ್ರಿ ನಮ್ಮ ಮನೆಯಲ್ಲಿದ್ದ. ನಮ್ಮ ಅವ್ವ ಮಾಡಿದ ರಾಗಿಮುದ್ದೆಯನ್ನು ಅಗಿಯಬೇಕೋ ನುಂಗಬೇಕೋ ತಿಳಿಯದೆ ಕಷ್ಟಪಟ್ಟ. ಅವನನ್ನು ಘಟ್ಟ ಇಳಿಸಿ ಮನೆ ಮುಟ್ಟಿಸಿ ಬರುವ ದಿನ ತೀರ್ಥರೂಪರು ಸತ್ಯಮಂಗಲದಲ್ಲಿ ಬೋರ್ಡು ಬರೆಯುವವನೊಬ್ಬನನ್ನು ಹುಡುಕಿ ಎರಡನೆಯ ಸಾಲು ಬರೆಸಿಕೊಂಡು ಬಂದರು. ‘ಯಾಕೆ?’ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಈಗ ಹೊಸ ಗಾಜು ಕೂತಿದೆ. ರಜೆಗೆ ಬೆಂಗಳೂರಿನಿಂದ ಬಂದಿರುವ ಸೋದರಳಿಯ ಹೇಳುತ್ತಾನೆ: ‘ಬರೀ ಗಾಜೇ ಇರಲಿ ಮಾವ. ಓದೋಕೆ ಬರೋರೆಲ್ಲ ಅದರಲ್ಲಿ ಒಂದೊಂದು ಲೆಕ್ಕ ಹುಡುಕ್ತಾರೆ.’ ಅವನ ಮಾತಿಗೂ ಆಧಾರವಿದೆ. ೨೦೧೬ರ ಸೆಪ್ಟೆಂಬರ್ ೧೨ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ನಂಬರಿನ ಬಸ್ಸು ಲಾರಿಗಳು ಉರಿದಾಗ, ಕೊಯಮತ್ತೂರಿನಲ್ಲಿ ಕೊಂಡ ತನ್ನ ಕಾರಿಗೆ ಟಾರ್ಪಾಲು ಹೊದಿಸಿ ಹತ್ತು ದಿನ ಬಸ್ಸಿನಲ್ಲಿ ಕೆಲಸಕ್ಕೆ ಹೋದವನು ಅವನು. ನೆರೆಮನೆಯವರ ಮಾತು ಕೇಳಿ ಹಿಂದಿನ ಗಾಜಿಗೆ ಕನ್ನಡದ ಸಾಲೊಂದನ್ನು ಅಂಟಿಸಿದ. ದೀಪಾವಳಿಗೆ ಊರಿಗೆ ಬಂದು ಘಟ್ಟ ಇಳಿಯುವ ಮುನ್ನ ದಿಂಬಂನಲ್ಲಿ ನಿಂತು ಉಗುರಿನಿಂದ ಅದನ್ನು ಕೆರೆದು ತೆಗೆದ. ಅಂದಿನಿಂದ ಅವನ ಕಾರಿನಲ್ಲಿ ಮಾದಪ್ಪನೂ ಇಲ್ಲ, ಅಮ್ಮನೂ ಇಲ್ಲ.

ಅವನಿಗೆ ೧೯೯೧ರ ಕಥೆಯನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ‘ಆ ಲಾರಿಯವರು ಇದ್ದಾರಾ ಮಾವ?’ ಎಂದ. ಇಲ್ಲ, ತೀರಿಕೊಂಡು ಆರು ವರ್ಷವಾಯಿತು. ಅವರ ಮಗ ಬಣ್ಣಾರಿ ಗುಂಡದ ಹಬ್ಬಕ್ಕೆ ಈಗಲೂ ನಮಗೆ ಹೇಳಿ ಕಳುಹಿಸುತ್ತಾನೆ ಎಂದೆ.

ಮರುದಿನ ಇಬ್ಬರೂ ಚಾಮರಾಜನಗರಕ್ಕೆ ಹೋದೆವು. ಈಗ ಕುಂಚ ಹಿಡಿದು ಬರೆಯುವವರು ಅಪರೂಪ. ಯಂತ್ರದಿಂದ ಅಕ್ಷರ ಕತ್ತರಿಸಿ ಅಂಟಿಸುತ್ತಾರೆ. ಮೊದಲನೆಯ ಸಾಲು ಚೆನ್ನಾಗಿಯೇ ಬಂತು, ‘ಶ್ವ’ ಮಾತ್ರ ಸ್ವಲ್ಪ ಓರೆ. ಎರಡನೆಯದಕ್ಕೆ ಅಂಗಡಿಯವನು, ‘ನನ್ನ ಕಂಪ್ಯೂಟರಿನಲ್ಲಿ ಆ ಅಕ್ಷರ ಇಲ್ಲ ಸ್ವಾಮಿ’ ಎಂದ. ಇದ್ದರೂ ಹಾಕುತ್ತಿದ್ದನೋ ಇಲ್ಲವೋ, ಕೆದಕಲಿಲ್ಲ. ಅದಕ್ಕಾಗಿ ಕೆಳಗೆ ಹೋಗಬೇಕು. ಸೋದರಳಿಯ ರಜೆಯನ್ನು ಎರಡು ದಿನ ಮುಂದುವರಿಸಿದ್ದಾನೆ. ಕೈಗೇರಿನ ಗಾಡಿಯನ್ನು ಘಟ್ಟದಲ್ಲಿ ಅವನೆಂದೂ ಇಳಿಸಿದವನಲ್ಲ. ಶುಕ್ರವಾರ ತಾನೇ ಇಳಿಸುತ್ತೇನೆಂದು ಹಟ ಹಿಡಿದಿದ್ದಾನೆ. ಒದ್ದೆ ಬಟ್ಟೆ, ನೀರಿನ ಕ್ಯಾನು, ಬುತ್ತಿ ಸಿದ್ಧವಾಗಿವೆ. ಪಕ್ಕದ ಸೀಟಿನಲ್ಲಿ ಕುಳಿತು, ಇಲ್ಲದ ಬ್ರೇಕನ್ನು ಇಪ್ಪತ್ತೇಳು ಸಲ ತುಳಿಯಲು ನಾನೂ ಸಿದ್ಧನಾಗಿದ್ದೇನೆ.