ಬಿಸಿ ಔಷಧಿಯೂ ಬಿಸಿಬಿಸಿ ಮಾತೂ



ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಮಾರಪಟ್ಟಣದ ನಮ್ಮ ಮನೆಗೆ ಬಂದಿದ್ದ. ತಾಯಿಗೆ ದೊಡ್ಡ ಕರುಳಿನ ಕ್ಯಾನ್ಸರ್; ಹೊಟ್ಟೆಯ ಒಳಪದರಕ್ಕೂ ಹರಡಿದೆ. ಕೈಯಲ್ಲಿ ಆಸ್ಪತ್ರೆಯೊಂದರ ಇಂಗ್ಲಿಷ್ ಕಾಗದ. "ಸರ್, ಹೊಟ್ಟಿಯೊಳಗ ಬಿಸಿ ಕೀಮೋ ಬಿಟ್ರ ಕ್ಯಾನ್ಸರ್ ಸುಟ್ಟು ಹೋಗ್ತೈತಂತ್ರಿ. ಹೊಲ ಮಾರಾಕ ಮಾತಾಡೇನ್ರಿ" ಎಂದ. ಅಂದಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಸಿಟ್ಟು ಚಿಕಿತ್ಸೆಯ ಮೇಲಲ್ಲ. ಹೈಪೆಕ್ ಎಂಬ ಈ ವಿಧಾನ ಗಂಭೀರ ವಿಜ್ಞಾನವೇ ಸರಿ. ಮೊದಲು ಶಸ್ತ್ರವೈದ್ಯರು ಕಣ್ಣಿಗೆ ಕಾಣುವ ಗಡ್ಡೆಗಳನ್ನೆಲ್ಲ ಗಂಟೆಗಟ್ಟಲೆ ಶ್ರಮಿಸಿ ತೆಗೆಯುತ್ತಾರೆ. ಬಳಿಕ 41ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಔಷಧದ್ರಾವಣವನ್ನು ಅರ್ಧದಿಂದ ಒಂದೂವರೆ ಗಂಟೆಯವರೆಗೆ ಹೊಟ್ಟೆಯೊಳಗೆ ಹರಿಸುತ್ತಾರೆ. ಅದು ನಾವು ಸ್ನಾನಕ್ಕೆ ಹದಮಾಡಿಕೊಳ್ಳುವ ಬಿಸಿನೀರಿನಷ್ಟು ಬಿಸಿ. ಅದು ಏನನ್ನೂ ಸುಡುವುದಿಲ್ಲ; ಔಷಧಿಯ ಶಕ್ತಿಯನ್ನು ಹೆಚ್ಚಿಸುತ್ತದೆ, ಅಷ್ಟೆ. ಔಷಧಿ ಇಳಿಯುವುದೂ ಕೆಲವೇ ಮಿಲಿಮೀಟರ್ ಆಳಕ್ಕೆ. ದೊಡ್ಡ ಗಡ್ಡೆ ಉಳಿದಿದ್ದರೆ ಬಿಸಿ ಔಷಧಿಯಿಂದ ಪ್ರಯೋಜನವಿಲ್ಲ. ಥರ್ಮಾಮೀಟರ್ ಓದಲು ಇವನಿಗೆ ಕಲಿಸಿದವನು ನಾನೇ. ಆದರೂ "ಸುಟ್ಟು ಹೋಗುತ್ತದೆ" ಎಂಬ ಮಾತನ್ನು ಅವನು ನಂಬಿದ. ಹೆತ್ತವಳ ಪ್ರಾಣದ ಮುಂದೆ ಯಾರ ಲೆಕ್ಕ ತಪ್ಪುವುದಿಲ್ಲ?

ಫಲಿತಾಂಶವೂ ಎಲ್ಲರಿಗೂ ಒಂದೇ ಅಲ್ಲ. ಮೂರನೆಯ ಹಂತದ ಅಂಡಾಶಯದ ಕ್ಯಾನ್ಸರ್ ಇದ್ದ 245 ಮಹಿಳೆಯರ ಮೇಲೆ ನಡೆದ ನೆದರ್ಲೆಂಡ್ಸ್‌ನ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬದುಕಿನ ಮಧ್ಯಮಾವಧಿ 33.9 ತಿಂಗಳಿಂದ 45.7ಕ್ಕೆ ಏರಿತು. ಅದು ಸಣ್ಣ ಮಾತಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದ್ದ 265 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಮಾತ್ರ ಆದವರಿಗೆ 41.2 ತಿಂಗಳು, ಬಿಸಿ ಔಷಧಿಯನ್ನೂ ಪಡೆದವರಿಗೆ 41.7. ಅರುವತ್ತು ದಿನಗಳ ಹೊತ್ತಿಗೆ ತೀವ್ರ ತೊಂದರೆಗಳು ಮಾತ್ರ ಬಿಸಿ ಔಷಧಿ ಪಡೆದವರಲ್ಲೇ ಹೆಚ್ಚು.

ಅಲ್ಲಿ ಬಳಸಿದ ಔಷಧಿ ಸರಿಯಿರಲಿಲ್ಲ, ಬೇರೆಯದರಿಂದ ಫಲ ಸಿಕ್ಕೀತು ಎನ್ನುವ ತಜ್ಞರಿದ್ದಾರೆ. ಇರಲಿ. ಆ "ಸಿಕ್ಕೀತು" ಎಂಬ ಮಾತನ್ನೇ ಹೊಲ ಮಾರುವವನಿಗೆ ಮೊದಲು ಹೇಳಿರಿ, ಕನ್ನಡದಲ್ಲಿ ಹೇಳಿರಿ ಎಂಬುದಷ್ಟೇ ನನ್ನ ವಾದ. ಅರ್ಥವಾಗದ ಕಾಗದಕ್ಕೆ ಹಾಕಿಸಿಕೊಂಡ ಸಹಿ ಒಪ್ಪಿಗೆಯಲ್ಲ.

ನಿಮ್ಮಲ್ಲಿ ಯಾರಿಗಾದರೂ ಇಂಥ ಹೊತ್ತು ಬಂದರೆ ಮೂರು ಪ್ರಶ್ನೆ ಕೇಳಿರಿ: ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವೇ? ಈ ಬಗೆಯ ಕ್ಯಾನ್ಸರಿಗೆ ಬಿಸಿ ಔಷಧಿಯಿಂದ ಲಾಭ ರುಜುವಾಗಿದೆಯೇ? ಅದಿಲ್ಲದೆ ಶಸ್ತ್ರಚಿಕಿತ್ಸೆ, ಸಾಮಾನ್ಯ ಕೀಮೋ ಮಾತ್ರ ಆದರೆ ಏನಾಗುತ್ತದೆ? ಉತ್ತರ ಸಿಗದಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಇನ್ನೊಂದು ಅಭಿಪ್ರಾಯ ಪಡೆಯಿರಿ.

ಅವನಿಗೂ ಇದನ್ನೇ ಹೇಳಿದೆ. ತಾಯಿಯನ್ನು ಕರೆದುಕೊಂಡು ಹರಿಹರದಲ್ಲಿ ರೈಲು ಹತ್ತಿದ್ದಾನೆ. ಹೊಲ ಸದ್ಯಕ್ಕೆ ಅವನ ಹೆಸರಿನಲ್ಲೇ ಇದೆ.