‘ಹೂಂ ಅಕ್ಕಾ’ ಅಂದರೆ ಒಪ್ಪಿದ ಹಾಗಾ?

ನಿಮ್ಮ ಕೈಕೆಳಗೆ ನಾಲ್ಕು ಜನ ಹೆಂಗಸರು ಕೆಲಸ ಮಾಡುತ್ತಾರಾ? ಹೊಲಿಗೆ ಅಂಗಡಿಯೋ, ಸ್ತ್ರೀಶಕ್ತಿ ಸಂಘದ ಹಪ್ಪಳದ ಕೆಲಸವೋ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ತಂಬಾಕು ಬ್ಯಾರನ್ನೋ ಇರಬಹುದು. ‘ಹೊಸ ಐಡಿಯಾ ಇದ್ದರೆ ಹೇಳ್ರಮ್ಮ’ ಎಂದು ಕೇಳಿ ನೋಡಿ. ‘ಎಲ್ಲಾ ಸರ್ಯಾಗದೆ ಬುಡಿ ಅಕ್ಕಾ’ ಎಂಬ ಉತ್ತರ ಬರುತ್ತದೆ. ಅಷ್ಟಕ್ಕೇ ‘ಇವರಿಗೆ ಹೊಸತು ಬೇಕಿಲ್ಲ’ ಎಂದು ತೀರ್ಮಾನ ಮಾಡಿಬಿಡಬೇಡಿ. ಕೂಲಿ ಕೊಡುವವರ ಮುಂದೆ ಬೇರೆ ಉತ್ತರ ಕೊಡಲು ಯಾರಿಗೆ ತಾನೇ ಧೈರ್ಯ?

ಇದು ಸಣ್ಣ ಮಾತಲ್ಲ. ತಂಬಾಕಿನ ಕೆಲಸವನ್ನೇ ತಗೊಳ್ಳಿ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವವರು, ಹದವಾದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವವರು ಹೆಚ್ಚಾಗಿ ಹೆಂಗಸರೇ. ಒದ್ದೆ ಎಲೆ ಮುಟ್ಟುತ್ತಿದ್ದರೆ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ‘ಇಬ್ಬನಿ ಆರಿದ ಮೇಲೆ ಸೊಪ್ಪು ಮುರಿಯೋಣ, ಕೈಗವಸು ಕೊಡಿ’ ಎಂಬ ಯೋಚನೆ ಅಲ್ಲೇ ಕೂತು ಕೆಲಸ ಮಾಡುವವಳಿಗೆ ಹೊಳೆಯುತ್ತದೆ. ‘ಕೆಲಸಕ್ಕೆ ಬಂದಿದ್ದೀಯೋ, ಬುದ್ಧಿ ಹೇಳೋಕೋ?’ ಅಂತಾರೆ ಎಂದು ಗೊತ್ತಿದ್ದರೆ ಅವಳು ಬಾಯಿ ಬಿಡಲ್ಲ. ನಷ್ಟ ಅವಳ ಆರೋಗ್ಯಕ್ಕೂ ಹೌದು, ನಿಮ್ಮ ಕೆಲಸಕ್ಕೂ ಹೌದು.

ಜಪಾನಿನ ಟೊಯೊಟಾ ಕಂಪನಿ 1951ರಲ್ಲೇ ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿ ಶುರುಮಾಡಿತು. ಬಸಾದುರ್ ಮತ್ತು ಫಿಂಕ್‌ಬೈನರ್ ಎಂಬ ಸಂಶೋಧಕರು 1985ರಲ್ಲಿ ಇಂಥ ಮನೋಭಾವ ಅಳೆಯುವಾಗ ಎರಡು ಸಂಗತಿಗಳನ್ನು ಬೇರೆ ಮಾಡಿದರು: ಹೊಸ ಯೋಚನೆ ಎಷ್ಟು ಇಷ್ಟ, ಪೂರ್ತಿ ಕೇಳುವ ಮೊದಲೇ ‘ಆಗಲ್ಲ’ ಅನ್ನುವ ಚಾಳಿ ಎಷ್ಟು. ತೆರೇಸಾ ಅಮಾಬಿಲೆ ಮತ್ತು ಸಂಗಡಿಗರ 1996ರ ಪ್ರಶ್ನಾವಳಿ ಮೇಲಿನವರ ಬೆಂಬಲ, ಸ್ವಾತಂತ್ರ್ಯ, ಕೆಲಸದ ಒತ್ತಡ ಹೇಗಿದೆ ಎಂದು ಕೇಳುತ್ತದೆ. ನನ್ನ ಅಭಿಪ್ರಾಯವೂ ಇಷ್ಟೇ: ಕೆಲಸದವರನ್ನು ಅಳೆಯುವ ಮೊದಲು ನಿಮ್ಮ ಜಾಗವನ್ನು ಅಳೆಯಿರಿ. ಹೇಗೆ ಅಂತೀರಾ?

* ಹೆಸರು ಬರೆಸಬೇಡಿ. ಓದು ಬರದವರೂ ಇರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಅವರೆಕಾಳು, ಒಂದು ಹುಣಸೆಬೀಜ ಕೊಡಿ. ‘ಹೌದು’ ಆದರೆ ಅವರೆ, ‘ಇಲ್ಲ’ ಆದರೆ ಹುಣಸೆ. ಬಟ್ಟೆ ಮುಚ್ಚಿದ ಮಡಕೆಗೆ ಹಾಕಲಿ. ನೀವು ಅಲ್ಲಿ ನಿಲ್ಲಬೇಡಿ.

* ‘ಹೊಸತು ಇಷ್ಟವಾ?’ ಎಂದರೆ ಎಲ್ಲರೂ ಹೂಂ ಅಂತಾರೆ. ನಡೆದದ್ದನ್ನು ಕೇಳಿ: ‘ಈ ತಿಂಗಳು ಏನಾದರೂ ಹೊಳೆದೂ ಹೇಳದೆ ಸುಮ್ಮನಾದಿರಾ? ಹೇಳಿದಾಗ ಪೂರ್ತಿ ಕೇಳಿದರಾ? ಹೇಳಿದ್ದಕ್ಕೆ ಬೈಸಿಕೊಂಡಿರಾ?’ ಒಂದೊಂದು ಪ್ರಶ್ನೆಗೂ ಮಡಕೆ ಬರಿದು ಮಾಡಿ ಕಾಳು ಎಣಿಸಿ.

* ಒಂದು ನೋಟ್‌ಬುಕ್ ಇಡಿ. ಎಷ್ಟು ಸಲಹೆ ಬಂತು, ಎಷ್ಟು ಮಾಡಿ ನೋಡಿದಿರಿ, ಎಷ್ಟಕ್ಕೆ ಉತ್ತರ ಕೊಟ್ಟಿರಿ ಎಂದು ಬರೆಯಿರಿ. ಆಗದ ಸಲಹೆಗೂ ಯಾಕೆ ಆಗಲ್ಲ ಎಂದು ವಾರದೊಳಗೆ ಹೇಳಿ.

* ಮೂರು ತಿಂಗಳ ಮೇಲೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ‘ಸುಮ್ಮನಾದೆ’ ಎನ್ನುವ ಅವರೆಕಾಳು ಕಡಿಮೆಯಾಗಿದ್ದರೆ ದಾರಿ ಸರಿಯಿದೆ.

ಇನ್ನೊಂದು ಮಾತು. ಅವರ ಸಲಹೆಯಿಂದ ಕೆಲಸ ಬೇಗ ಮುಗಿದರೆ ಕೂಲಿ ಕಡಿಯಬೇಡಿ. ಒಮ್ಮೆ ಕಡಿದರೆ ಯಾವ ಮಡಕೆ ಇಟ್ಟರೂ ನಿಜ ಬೀಳುವುದಿಲ್ಲ.

ನೀವೇ ಕೂಲಿಗೆ ಹೋಗುವವರಾ? ಒಬ್ಬಳೇ ಹೇಳಲು ಹೆದರಿಕೆಯಾದರೆ ನಾಲ್ಕು ಜನ ಒಟ್ಟಿಗೆ ಹೇಳಿ. ಇಬ್ಬನಿ ಆರುವ ತನಕ ಕಾಯೋಣ ಎಂದು ಕೇಳುವುದು ಸೋಮಾರಿತನ ಅಲ್ಲ.